ಚಿಗವ್ವನ ಪರದೆಯ ಕೆಂಪು

ನಮ್ಮ ಅಂಗಡಿಯ ಕಂಪ್ಯೂಟರಿಗೆ ಅಪ್‌ಡೇಟ್ ಬಂದರೆ ಚಿಗವ್ವ ಅದನ್ನು ಬೀಗರ ಲೆಕ್ಕಕ್ಕೆ ಸೇರಿಸುತ್ತಿದ್ದಳು. ಹೇಳದೆ ಬರುತ್ತಾರೆ, ಬಂದರೆ ಲಗೂನೆ ಏಳುವುದಿಲ್ಲ, ಎದ್ದು ಹೋದ ಮೇಲೆ ನೋಡಿದರೆ ಮನೆಯ ಒಂದಲ್ಲ ಒಂದು ಸಾಮಾನು ಇದ್ದ ಜಾಗದಲ್ಲಿ ಇರುವುದಿಲ್ಲ. ಬೆಳಿಗ್ಗೆ ಗುಂಡಿ ಒತ್ತಿದಾಗ ಪರದೆಯ ನಡುವೆ ಸಣ್ಣ ಚಕ್ರ ತಿರುಗಲು ಶುರುವಾದರೆ ಸಾಕು, ಆಕೆ ಕೈಕಟ್ಟಿಕೊಂಡು ಹಿಂದಕ್ಕೆ ಒರಗುತ್ತಿದ್ದಳು.

“ಬಂದ್ರಪಾ ಬೀಗರು. ಚಾ ಕುಡೀಸೂತನಕ ಏಳಂಗಿಲ್ಲ ಇವರು. ಹೋಗು ತಮ್ಮಾ, ಹೇಳಿ ಬಾ.”

ನಾನು ಎದುರಿನ ಹೋಟೆಲಿಗೆ ಹೋಗಿ ಚಹಾ ಹೇಳಿ ಬರುತ್ತಿದ್ದೆ. ಚಹಾ ಮುಗಿಯುವ ಹೊತ್ತಿಗೆ ಚಕ್ರವೂ ನಿಲ್ಲುತ್ತಿತ್ತು. ಆಮೇಲೆ ಇಬ್ಬರೂ ಮೂಗು ಮುಂದೆ ಮಾಡಿ, ಈ ಸಲ ಏನು ಬದಲಾಗಿದೆ ಎಂದು ಹುಡುಕುವುದು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಗೆ ಹೋಗುವ ದಾರಿಯಲ್ಲಿ ನಮ್ಮದು ಒಂಟಿ ಕೋಣೆಯ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಖಾರದ ಪುಡಿಯ ಪೊಟ್ಟಣಕ್ಕೆ ಹಚ್ಚುವ ಚೀಟಿ, ಇಂಥವನ್ನು ಕಂಪ್ಯೂಟರಿನಲ್ಲಿ ತಯಾರಿಸಿ, ರಾಣೆಬೆನ್ನೂರಿನ ಛಾಪಖಾನೆಯಲ್ಲಿ ಅಚ್ಚು ಹಾಕಿಸಿ ತಂದು ಕೊಡುವುದು ನಮ್ಮ ಉದ್ಯೋಗ. ಅಕ್ಷರ, ಒಪ್ಪು-ತಪ್ಪು, ಬಸ್ಸು ಹತ್ತಿ ಓಡಾಡುವುದು ನನ್ನ ಪಾಲು. ಬಣ್ಣ, ಬಳ್ಳಿ, ಅಂಚು ಎಲ್ಲ ಚಿಗವ್ವನ ಪಾಲು. ಚಿಗವ್ವ ಎಂದರೆ ನನ್ನ ಅವ್ವನ ಕೊನೆಯ ತಂಗಿ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ಕೇಳಿದವರಿಗೆ ಆಕೆಯ ಹತ್ತಿರ ಸಿದ್ಧ ಉತ್ತರವಿತ್ತು. “ಊರ ಮಂದಿ ಲಗ್ನಪತ್ರಿಕಿ ಎಲ್ಲಾ ನಾನ ಮಾಡೇನಿ. ಒಳಗ ಎಲ್ಲಾರದೂ ಒಂದ ಥರಾ ಇರತೈತಿ, ಹೊರಗಿನ ಬಣ್ಣಾ ಅಷ್ಟ ಬ್ಯಾರೆ. ಅದಕ್ಕ ನಾ ಹೊರಗ ಉಳದೆ.”

ಬಣ್ಣದ ವಿಷಯದಲ್ಲಿ ಆಕೆಗೆ ಎದುರು ಮಾತಾಡುವವರು ನಮ್ಮ ಮನೆಯಲ್ಲಿ ಇರಲಿಲ್ಲ. ಅದಕ್ಕೊಂದು ಹಿನ್ನೆಲೆ ಉಂಟು. ನಮ್ಮ ಅಜ್ಜಿಗೆ, ಅಂದರೆ ಚಿಗವ್ವನ ತಾಯಿಗೆ, ಕೊನೆಯ ವರ್ಷಗಳಲ್ಲಿ ಕಣ್ಣು ಹೋಗಿದ್ದವು. ಪೊರೆ ಬಂದದ್ದನ್ನು ವಯಸ್ಸಿನ ಮಂಜು ಎಂದುಕೊಂಡು ಸುಮ್ಮನಿದ್ದರು. ತೋರಿಸುವ ಹೊತ್ತಿಗೆ ಬಹಳ ತಡವಾಗಿತ್ತು. ಹೀಗಾಗಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ಅಜ್ಜಿಗೆ ಜಗತ್ತನ್ನು ಹೇಳುವ ಕೆಲಸ ಮನೆಯ ಮಕ್ಕಳದು. ಅದೇನು ಸುಲಭದ್ದಲ್ಲ. ಮುಗಿಲು ಕೆಂಪಗಾಗಿದೆ ಎಂದರೆ ಆಕೆ ಬಿಡುತ್ತಿರಲಿಲ್ಲ.

“ಕೆಂಪ ಅಂದ್ರ ಯಾವ ಕೆಂಪೋ? ಕುಂಕಮದ್ದೋ, ದಾಸಾಳದ್ದೋ, ಇಟ್ಟಂಗಿದೋ? ನೆಟ್ಟಗ ಹೇಳು. ನನಗ ಕಣ್ಣಷ್ಟ ಹೋಗ್ಯಾವ, ತಲಿ ಐತಿ.”

ನಾನು ಮಾತು ಕಲಿತದ್ದು ಹಾಗೆ. ಚಿಗವ್ವ ಬಣ್ಣ ಕಲಿತದ್ದೂ ಹಾಗೆಯೇ. ಮುಂದೆ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಬಣ್ಣ ಇವೆ ಎಂದು ಮಾರಿದವನು ಹೇಳಿದಾಗ ಆಕೆ ಹೆದರಲಿಲ್ಲ. ಪರದೆಯ ಬಣ್ಣಗಳಿಗೂ ಅಜ್ಜಿಯ ಹೆಸರುಗಳನ್ನೇ ಇಟ್ಟಳು. ಖಾರದ ಪುಡಿಯ ಚೀಟಿಗೆ ಆಕೆ ಬಳಸುತ್ತಿದ್ದ ಕೆಂಪಿಗೆ ‘ಡಬ್ಬಿ ಕೆಂಪು’ ಎಂದು ಹೆಸರು. ನಮ್ಮ ಪೇಟೆಗೆ ಬರುವ, ಮೈತುಂಬ ಸುಕ್ಕಿರುವ ಡಬ್ಬಿ ಮೆಣಸಿನಕಾಯಿಯ ಬಣ್ಣ ಅದು. ಉಗುರಿನಿಂದ ಗೀರಿದರೆ ಬೆರಳಿಗೆ ಹತ್ತುವಂಥದ್ದು.

ಮೊದಲ ಯಂತ್ರ ಬಂದಾಗ ಪರದೆಯ ತುಂಬ ಹಸಿರು ಹುಲ್ಲಿನ ಗುಡ್ಡ, ಮೇಲೆ ನೀಲಿ ಮುಗಿಲು. “ಇದೆಂಥಾ ಗುಡ್ಡೋ, ಒಂದ ಕಲ್ಲಿಲ್ಲ. ದೇವರಗುಡ್ಡಕ್ಕ ಬಂದು ನೋಡಂತ ಹೇಳು ಇವರಿಗೆ” ಎಂದಿದ್ದಳು ಚಿಗವ್ವ. ಆಗ ಕಿಟಕಿಗಳ ತಲೆಪಟ್ಟಿ ದಟ್ಟ ನೀಲಿ. ಗುಂಡಿಗಳು ಉಬ್ಬಿಕೊಂಡು, ಒತ್ತಿದರೆ ತಗ್ಗುವಂತೆ ಕಾಣುತ್ತಿದ್ದವು. ಮುಂದೆ ಯಂತ್ರ ಬದಲಾಯಿತು, ಅಂಚುಗಳು ಗಾಜಿನ ಹಾಗಾದವು, ಒಂದು ಕಿಟಕಿಯ ಹಿಂದೆ ಇನ್ನೊಂದು ಮಸುಕಾಗಿ ಹೊಳೆಯುತ್ತಿತ್ತು. ಆಮೇಲೆ ಬಂದವರು ಗಾಜು ಕಿತ್ತು ಎಲ್ಲವನ್ನೂ ಸಪಾಟು ಮಾಡಿದರು. ಅದರ ನಂತರದವರು ಮೂಲೆಗಳನ್ನು ದುಂಡಗೆ ಕತ್ತರಿಸಿದರು. ಎಡ ಮೂಲೆಯಲ್ಲಿದ್ದ, ಹೆಬ್ಬಾಗಿಲಿನಂಥ ‘ಸ್ಟಾರ್ಟ್’ ಗುಂಡಿಯನ್ನು ಎತ್ತಿ ನಟ್ಟನಡುವೆ ತಂದು ಕೂರಿಸಿದರು. ಚಿಗವ್ವನ ಕೈ ಮಾತ್ರ ಬಹಳ ದಿನ ಹಳೆಯ ಮೂಲೆಗೇ ಹೋಗುತ್ತಿತ್ತು. ಅಲ್ಲಿ ಈಗ ಹವಾಮಾನ ತೆರೆದುಕೊಳ್ಳುತ್ತಿತ್ತು. “ನಾ ಬಾಗಲಾ ತಗೀ ಅಂದ್ರ ಇದು ಮಳಿ ಬರತೈತಿ ಅಂತೈತಿ” ಎಂದು ನಗುತ್ತಿದ್ದಳು.

ಇಂಥ ದೊಡ್ಡ ಬದಲಾವಣೆಗಳು ಅಪರೂಪ. ಉಳಿದವೆಲ್ಲ ತೀರ ಸಣ್ಣವು. ಒಂದು ಗೆರೆ ತೆಳುವಾಗುತ್ತಿತ್ತು. ಒಂದು ಚಿತ್ರಕ್ಕೆ ನೆರಳು ಬರುತ್ತಿತ್ತು. ಕಪ್ಪು ಅಕ್ಷರ ಬೂದಿಗೆ ತಿರುಗುತ್ತಿತ್ತು. ಅಪ್‌ಡೇಟು ಬರುವ ಮುನ್ನ ಪರದೆಯ ಮೂಲೆಯಲ್ಲಿ ಕೇಳುತ್ತಿತ್ತು: ಈಗ ಮಾಡಲೋ, ನಂತರ ನೆನಪಿಸಲೋ? ಚಿಗವ್ವ ಸದಾ ‘ನಂತರ’ವನ್ನೇ ಒತ್ತುತ್ತಿದ್ದಳು. “ಇದ್ದದ್ದ ಚೊಲೋ ನಡದೈತಿ. ಸುಮ್ನ ಯಾಕ ಕೆದರಬೇಕು?” ಒತ್ತಿ ಒತ್ತಿ, ಒಂದು ದಿನ ಅದು ಕೇಳುವುದನ್ನು ಬಿಟ್ಟು ತಾನೇ ಒಳಗೆ ನುಗ್ಗುತ್ತಿತ್ತು.

ಅಂಥದೊಂದು ಅಪ್‌ಡೇಟಿನ ಮರುದಿನ ಆಕೆ ಮೊದಲ ಸಲ ದೂರಿದಳು.

“ತಮ್ಮಾ, ಅಕ್ಷರಾ ಯಾಕ ಹಿಂಗ ಸಣಕಲ ಆಗ್ಯಾವ? ಈ ಸಲದ ಬೀಗರು ಮಸಿ ಸೈತ ಕುಡದ ಹೋಗ್ಯಾರ ನೋಡು.”

ನಾನು ಬಗ್ಗಿ ನೋಡಿದೆ. ಹೌದು, ಅಕ್ಷರ ತೆಳುವಾಗಿದ್ದವು. ಸುಳ್ಳು ಅಲ್ಲ. ಸೆಟ್ಟಿಂಗಿನೊಳಗೆ ಹೋಗಿ ಅಕ್ಷರದ ಅಳತೆ ಒಂದು ಹಲ್ಲು ಏರಿಸಿದೆ. ಆಕೆಗೆ ಸಮಾಧಾನವಾಯಿತು. ಕೆಲ ತಿಂಗಳ ಮೇಲೆ ಬಿಳಿ ಹಿನ್ನೆಲೆ ಕಣ್ಣು ಕುಕ್ಕುತ್ತದೆ ಎಂದಳು. ಆ ಹೊತ್ತಿಗೆ ಪರದೆಯನ್ನೆಲ್ಲ ಕಪ್ಪಗೆ ಮಾಡಿ ಅಕ್ಷರ ಬಿಳಿ ಮಾಡುವ ಹೊಸ ಅನುಕೂಲ ಬಂದಿತ್ತು. ಹಾಕಿ ಕೊಟ್ಟೆ. “ಹಾಂ, ಈಗ ಸೈ. ಹಲಗಿ ಮ್ಯಾಲೆ ಬಳಪ ಬರದಂಗ ಐತಿ” ಎಂದಳು. ಆಮೇಲೆ ಪರದೆಯ ಮೇಲೆ ಓಡಾಡುವ ಮೌಸಿನ ಬಾಣ ಕಳೆದುಹೋಗಲು ಶುರುವಾಯಿತು. ಬಾಣವನ್ನು ದೊಡ್ಡದು ಮಾಡುವ, ಅದಕ್ಕೆ ಬಣ್ಣ ಹಚ್ಚುವ ಅನುಕೂಲ ಬಂತು. ನಮ್ಮ ಬಾಣ ನಿಂಬೆಹಣ್ಣಿನಷ್ಟಾಯಿತು. ಅದು ಹಳದಿ ಇದ್ದರೂ ಸಾಕಾಗದೆ ಹಸಿರು ಮಾಡಿದೆವು. ಅದರ ಮೇಲೆ, ಬಾಣ ಹೋದಲ್ಲೆಲ್ಲ ಪರದೆಯ ತುಣುಕನ್ನು ಹಿಗ್ಗಿಸಿ ತೋರಿಸುವ ಭೂತಗನ್ನಡಿ. ಪ್ರತಿ ಸಲವೂ ಚಿಗವ್ವ ಬೈದದ್ದು ಅಪ್‌ಡೇಟಿಗೆ. ಪ್ರತಿ ಸಲವೂ ಮದ್ದು ಸಿಕ್ಕದ್ದು ಅದರ ಚೀಲದಲ್ಲೇ.

ಕಂಪ್ಯೂಟರಿನ ಆಚೆಗೂ ಆಕೆ ಒಂದೆರಡು ಮಾತು ಆಡಿದ್ದಳು. ಶನಿವಾರ ಕದರಮಂಡಲಗಿಗೆ ಹೋಗಿ ಬಂದು, ಹನುಮಪ್ಪನ ಗುಡಿಯಲ್ಲಿ ವೋಲ್ಟೇಜು ಕಡಿಮೆಯಾಗಿದೆ, ದೇವರ ಮೋರೆಯೇ ನೆಟ್ಟಗೆ ಕಾಣಲಿಲ್ಲ ಎಂದಳು. ನಮ್ಮ ಸೀಮೆಯಲ್ಲಿ ವೋಲ್ಟೇಜು ಕಡಿಮೆ ಎಂದರೆ ಯಾರು ತಾನೆ ಅನುಮಾನ ಪಟ್ಟಾರು? ಸಂಜೆ ಬಸ್ಸಿನ ದೀಪ ಕಣ್ಣಿಗೆ ಹೊಡೆಯುತ್ತದೆ, ಸುತ್ತ ಪ್ರಭಾವಳಿ ಕಟ್ಟುತ್ತದೆ ಎಂದಳು. ಈಗಿನ ದೀಪಗಳೇ ಹಾಗೆ ಎಂದು ನಾನೂ ತಲೆ ಆಡಿಸಿದೆ. ಎಲ್ಲದಕ್ಕೂ ಹೊರಗೆ ಒಂದು ಕಾರಣ ಸಿಗುತ್ತಿತ್ತು.

ಒಮ್ಮೆ ರಾಣೆಬೆನ್ನೂರಿಗೂ ಹೋಗಿ ಬಂದೆವು. ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಹೆಣ್ಣುಮಗಳು ಇದ್ದಾಳೆ. ನಮ್ಮ ಪರದೆಯನ್ನು ಚೀಲದಲ್ಲಿ ಸುತ್ತಿ ಒಯ್ದು ಆಕೆಯ ಮೇಜಿನ ಮೇಲಿಟ್ಟೆವು. ಹಚ್ಚಿ, ಬಣ್ಣಗಳ ಪಟ್ಟಿ ತೋರಿಸಿ, ಒರೆಸಿ, ಮತ್ತೆ ಹಚ್ಚಿ ಆಕೆ ಹೇಳಿದಳು:

“ಅತ್ತಿ, ಇದಕ್ಕ ಏನೂ ಆಗಿಲ್ರಿ. ಪಕ್ಕಾ ಐತಿ.”

“ನಿನಗ ಹೊಸಾದು ನೋಡಿ ರೂಢಿ ಬಿಡವಾ. ಮೊದಲ ಹೆಂಗ ಕಾಣತಿತ್ತು ಅಂತ ನನಗ ಗೊತ್ತೈತಿ. ಅಪ್‌ಡೇಟ್ ಬಂದು ಬಂದು ಎಲ್ಲಾ ಕಂದ ಹೋಗೇತಿ.”

ರಿಪೇರಿಯಾಕೆ ನನ್ನ ಮುಖ ನೋಡಿದಳು. ನಾನು ಚಿಗವ್ವನ ಕಡೆಗೇ ನಿಂತೆ. ಅಪ್‌ಡೇಟು ಅಕ್ಷರ ತೆಳು ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆನಲ್ಲ! ಇನ್ನೂ ದೊಡ್ಡ ಪರದೆಯೊಂದನ್ನು ಕೊಂಡು ಬಂದೆವು. ಕೆಲವು ದಿನ ಚಿಗವ್ವ ಖುಷಿಯಾಗಿದ್ದಳು. ಮತ್ತೆ ಮೂಗು ಪರದೆಯ ಹತ್ತಿರ ಹತ್ತಿರ ಹೋಯಿತು.

ಇದನ್ನೆಲ್ಲ ಬಯಲು ಮಾಡಿದವನು ಚಾಚಾ. ಖಾರದ ಪುಡಿಯ ಗಿರಣಿಯ ಮಾಲಕ, ನಮ್ಮ ಹಳೆಯ ಗಿರಾಕಿ. ನಮ್ಮ ಓಣಿಗೆಲ್ಲ ಆತ ಚಾಚಾನೇ. ವರ್ಷಕ್ಕೊಮ್ಮೆ, ಹೊಸ ಮೆಣಸಿನಕಾಯಿ ಪೇಟೆಗೆ ಬಂದು ಊರೆಲ್ಲ ಸೀನತೊಡಗಿದಾಗ, ತನ್ನ ಪೊಟ್ಟಣಗಳಿಗೆ ಹೊಸ ಚೀಟಿ ಮಾಡಿಸುತ್ತಿದ್ದ. ಆ ಸಲದ ಚೀಟಿಗಳು ರಾಣೆಬೆನ್ನೂರಿನಿಂದ ಬಂದ ಮರುದಿನ ಬೆಳಿಗ್ಗೆಯೇ ಒಂದು ಕಟ್ಟು ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದ.

“ಅಕ್ಕಾರ, ನಾ ಖಾರದ ಪುಡಿ ಮಾರಾಂವ. ನೀವು ನನಗ ಗುಲಾಲ ಮಾರಾಕ ಹಚ್ಚೀರಿ.”

ಚಿಗವ್ವ ಭೂತಗನ್ನಡಿಯಿಂದ ತಲೆ ಎತ್ತಲಿಲ್ಲ. “ಗುಲಾಲಂತ. ಚಾಚಾ, ಮುಂಜಾನೆ ಕಣ್ಣ ತೊಳಕೊಂಡ ಬಂದೀರೋ ಇಲ್ಲೋ?”

“ನನ್ನ ಕಣ್ಣಿನ ಮಾತ ಆಮ್ಯಾಲೆ ಆಡೂಣು. ಮೊದಲ ಹೊರಗ ಬರ್ರಿ. ಬಿಸಲಾಗ ನೋಡ್ರಿ.”

ನಮ್ಮಲ್ಲಿ ಮೆಣಸಿನಕಾಯಿಯ ಬಣ್ಣ ನೋಡುವ ಕ್ರಮ ಒಂದಿದೆ. ಎಳೆ ಬಿಸಿಲಿನಲ್ಲಿ ಬಿಳಿ ಅರಿವಿ ಹಾಸಿ, ಅದರ ಮೇಲೆ ಕಾಯಿ ಸುರುವಿ ನೋಡಬೇಕು. ನೆರಳಲ್ಲಿ ಎಲ್ಲ ಕೆಂಪೂ ಒಂದೇ. ಚಾಚಾ ಕಂಕುಳಲ್ಲಿದ್ದ ಬಟ್ಟೆ ಬಿಚ್ಚಿ ಮೆಟ್ಟಿಲ ಕಟ್ಟೆಯ ಮೇಲೆ ಹಾಸಿದ. ಜೇಬಿನಿಂದ ಒಂದು ಮುಷ್ಟಿ ಡಬ್ಬಿ ಕಾಯಿ ತೆಗೆದು ಸುರುವಿದ. ಪಕ್ಕದಲ್ಲಿ ನಮ್ಮ ಚೀಟಿ ಇಟ್ಟ. ಚಿಗವ್ವ ಹೊಸ್ತಿಲು ದಾಟಿ ಬಂದು, ಸೊಂಟದ ಮೇಲೆ ಕೈಯಿಟ್ಟು ಬಗ್ಗಿದಳು. ಚೀಟಿಯನ್ನು ನೋಡಲೇ ಇಲ್ಲ.

“ಮೊದಲ ಒಗದ ಅರಿವಿ ತರ್ರಿ. ಎಣ್ಣಿ ಒರಿಸಿದ್ದು ತಂದು ಹಾಸೀರಿ, ಮ್ಯಾಲೆ ಬಣ್ಣಾ ನೋಡ್ರಿ ಅಂತೀರಿ. ಹೆಂಗ ಹಳದೀ ಆಗೇತಿ ನೋಡ್ರಿ ಇದು!”

ಚಾಚಾ ಬಟ್ಟೆ ನೋಡಿದ. ನನ್ನನ್ನು ನೋಡಿದ. ಮತ್ತೆ ಬಟ್ಟೆ ನೋಡಿದ.

“ಅಕ್ಕಾರ... ಇದು ಹೊಸಾ ಅರಿವಿ. ಈಗ ಅಂಗಡಿಯಾಗ ಹರಿಸಿಕೊಂಡ ಬಂದೇನಿ. ಇಲ್ಲೇ ಈಗ ಘಡಿ ಮುರದೇನಿ.”

“ಚೇಷ್ಟಿ ಮಾಡಬ್ಯಾಡ್ರಿ.”

“ಖುದಾನ ಆಣಿ.”

“ತಮ್ಮಾ, ನೀ ಹೇಳು.”

ಬಟ್ಟೆ ಹೊಸ ಸುಣ್ಣದ ಹಾಗಿತ್ತು. ಬಿಸಿಲಿಗೆ ನನ್ನ ಕಣ್ಣು ಕಿರಿದಾಗುವಷ್ಟು. “ಬೆಳ್ಳಗ ಐತಿ ಚಿಗವ್ವಾ” ಎಂದೆ.

ಆಕೆ ಕಟ್ಟೆಯ ಮೇಲೆ ಕುಳಿತು, ಬಟ್ಟೆಯ ಒಂದು ಮೂಲೆಯನ್ನು ಎತ್ತಿ ಹೆಬ್ಬೆರಳಿನಿಂದ ತಿಕ್ಕಿದಳು. ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಮೂಗಿನ ಹತ್ತಿರ ಒಯ್ದಳು.

“ಗಂಜಿ ವಾಸನಿ ಐತಿ” ಎಂದಳು. ತನಗೆ ತಾನೇ ಹೇಳಿಕೊಳ್ಳುವವಳಂತೆ, “ಇದಕ್ಕ ಯಾವ ಅಪ್‌ಡೇಟೂ ಬಂದಿಲ್ಲಲಾ” ಎಂದಳು.

ಚಾಚಾ ಜಗಳಕ್ಕೆಂದು ಬಂದವನು ಗಡಿಬಿಡಿಯಲ್ಲಿ ಕಾಯಿ ಆರಿಸಿ ಜೇಬಿಗೆ ತುಂಬಿಕೊಂಡ. “ಇರಲಿ ಬಿಡ್ರಿ ಅಕ್ಕಾರ. ಗುಲಾಲನೂ ಚೊಲೋನ ಐತಿ. ಮುಂದ ಹೋಳಿ ಬಂತು” ಎಂದು ನಗಲು ನೋಡಿದ. ನಗೆ ಯಾರಿಗೂ ಬರಲಿಲ್ಲ. ಹೊಸ ಬಟ್ಟೆಯನ್ನು ಅಲ್ಲೇ ಮರೆತು ಹೋದ.

ಅವತ್ತು ಮಧ್ಯಾಹ್ನ ಚಿಗವ್ವ ಊಟಕ್ಕೆ ಮನೆಗೆ ಹೋದಾಗ ನಾನು ಹಳೆಯ ಚೀಟಿಗಳ ಫೋಲ್ಡರ್ ತೆಗೆದೆ. ಮೊದಲೆಲ್ಲ ಅಲ್ಲಿ ಬರೀ ಹೆಸರು ಕಾಣುತ್ತಿದ್ದವು. ಈಗ ತೆರೆಯದೆಯೇ ಪ್ರತಿಯೊಂದರ ಚಿತ್ರ ದೊಡ್ಡದಾಗಿ, ಒಂದರ ಪಕ್ಕ ಒಂದು ಕಾಣುವಂತೆ ಮಾಡಿದ್ದಾರೆ. ಚಾಚಾನ ಚೀಟಿಗಳನ್ನು ವರ್ಷದ ಸರತಿಯಲ್ಲಿ ನಿಲ್ಲಿಸಿದೆ. ಎಡಗಡೆಯದು ಅಪ್ಪಟ ಡಬ್ಬಿ ಕೆಂಪು. ಅದರ ಪಕ್ಕದ್ದು ಒಂದು ಎಳೆ ಗುಲಾಬಿ. ಮುಂದಿನದಕ್ಕೆ ಇನ್ನೊಂದು ಎಳೆ. ಬಲತುದಿಗೆ ಬರುವಷ್ಟರಲ್ಲಿ ಹೋಳಿಯ ಗುಲಾಲು. ಪಕ್ಕಪಕ್ಕದ ಎರಡನ್ನು ನೋಡಿದರೆ ವ್ಯತ್ಯಾಸವೇ ಇಲ್ಲ. ಎರಡು ತುದಿಗಳನ್ನು ನೋಡಿದರೆ ಒಂದೇ ಅಂಗಡಿಯವು ಎಂದು ಹೇಳುವ ಹಾಗಿಲ್ಲ. ದಿನಾ ಮುಂದೆಯೇ ಬೆಳೆಯುವ ಕೂಸಿನ ಎತ್ತರ ಮನೆಯವರಿಗೆ ತಿಳಿಯದಂತೆ, ಬಣ್ಣ ನನ್ನ ಕಣ್ಣೆದುರೇ ನಡೆದುಕೊಂಡು ಹೋಗಿತ್ತು. ಚಿಗವ್ವನ ಕಣ್ಣೊಳಗೆ ಹಳದಿ ಮಂಜು ಕಟ್ಟಿದಷ್ಟೂ ಆಕೆ ಕೆಂಪಿಗೆ ನೀಲಿ, ಬಿಳಿ ಬೆರೆಸುತ್ತ ಬಂದಿದ್ದಳು, ತನಗೆ ಅದು ಮೊದಲಿನ ಕೆಂಪಾಗಿಯೇ ಕಾಣಲಿ ಎಂದು. ಪರದೆ ಹೊರಗಿನಿಂದ ಒಂದು ಹೆಜ್ಜೆ ಸುಧಾರಿಸುತ್ತಿತ್ತು, ಕಣ್ಣು ಒಳಗಿನಿಂದ ಒಂದು ಹೆಜ್ಜೆ ಮಸುಕಾಗುತ್ತಿತ್ತು. ಒಂದೇ ನೊಗದ ಎತ್ತುಗಳ ಹಾಗೆ ಎರಡೂ ಕೂಡಿ ನಡೆದಿದ್ದವು. ಹೀಗಾಗಿ ಬಂಡಿ ವಾಲಿದ್ದು ಯಾರಿಗೂ ಗೊತ್ತಾಗಲಿಲ್ಲ.

ಊಟದಿಂದ ಬಂದ ಚಿಗವ್ವ ತನ್ನ ಕುರ್ಚಿಯಲ್ಲಿ ಕೂರಲಿಲ್ಲ. ಗಿರಾಕಿಗಳ ಬೆಂಚಿನ ಮೇಲೆ ಕುಳಿತಳು. ಮರುದಿನವೂ ಅಲ್ಲೇ. ದವಾಖಾನೆಗೆ ಹೋಗೋಣ ಎಂದರೆ “ಸುಗ್ಗಿ ಮುಗೀಲಿ” ಎಂದಳು. ಸುಗ್ಗಿ ಯಾಕೆ, ಈಗಲೇ ಎಂದೆ.

“ಮೊದಲ ಹೇಳೂದ ಕಲಿ ನೀನು” ಎಂದಳು ಮೆಲ್ಲಗೆ. “ಬಸ್ ಬಂತು ಅಂದ್ರ ಯಾವ ಊರಿಂದು, ಮುಗಲಾ ಅಂದ್ರ ಯಾವ ಬಣ್ಣಾ, ಎಲ್ಲಾ ನೆಟ್ಟಗ ಹೇಳಬೇಕಾಗತೈತಿ. ಅವ್ವಂದ ಪಾಳಿ ಮುಗೀತು, ನಂದ ಬಂತು. ಕುರ್ಚಿ ಮ್ಯಾಲೆ ಬ್ಯಾರೆ ಯಾರನ್ನರ ಕುಂದರ್ಸು. ಬಣ್ಣಾ ಗೊತ್ತಿದ್ದಾರನ್ನ.”

ಆಕೆಗೆ ಇದೆಲ್ಲ ಮೊದಲೇ ಒಳಗೊಳಗೆ ಗೊತ್ತಿತ್ತೋ ಏನೋ. ಕೇಳುವ ಧೈರ್ಯ ನನಗಾಗಲಿಲ್ಲ. ಕಂಬಕ್ಕೆ ಒರಗಿ ಕುಳಿತ ಅಜ್ಜಿಯನ್ನು ನೋಡಿದವರಿಗೆ, ಕಣ್ಣಿನ ಹೆಸರು ಎತ್ತುವುದಕ್ಕಿಂತ ಯಂತ್ರವನ್ನು ಬೈಯುವುದು ಹಗುರ. ಅದು ‘ನಂತರ’ದ ಗುಂಡಿಯಂತೆಯೇ.

ಬಟ್ಟೆ ಕೇಳುವ ನೆಪದಲ್ಲಿ ಚಾಚಾ ಮತ್ತೆ ಬಂದ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಅಂಗಿಯ ಜೇಬಿನಿಂದ ಒಂದು ಕಪ್ಪು ಕನ್ನಡಕ ತೆಗೆದು ಇಬ್ಬರ ನಡುವೆ ಇಟ್ಟ.

“ಇದೇನ್ರಿ ಚಾಚಾ, ಹೀರೋ ಆಗಾಕ ಹೊಂಟೀರೇನು?” ಎಂದಳು ಚಿಗವ್ವ. ಮೂರು ದಿನದಲ್ಲಿ ಆಕೆ ಆಡಿದ ಮೊದಲ ತಮಾಷೆ ಅದು.

“ಆಗಿ ಬಂದೇನಿ ಅಕ್ಕಾರ. ಹೋದ ದೀಪಾವಳಿ ಮುಂದ ಹಾವೇರಿಯಾಗ. ಎರಡೂ ಕಣ್ಣಿನ ಪೊರಿ ತಗಿಸೇನಿ.” ಆತ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಯಾರ ಮುಂದೂ ಹೇಳಿಲ್ಲ. ಕೆಂಪಿನ ವ್ಯಾಪಾರಾ ಮಾಡಾಂವ, ನನ್ನ ಕಣ್ಣಾಗ ಮೋತಿಬಿಂದು ಬಂದೇತಿ ಅಂತ ಪ್ಯಾಟಿಯಾಗ ಸಾರಕೊಂತ ತಿರಗತಾನೇನ್ರಿ? ಖರೀದಿಗೆ ಮಗನ್ನ ಕಳಸ್ತಿದ್ದೆ. ಸೊಂಟಾ ನೋಯಸ್ತೈತಿ ಅಂತಿದ್ದೆ.”

ಚಿಗವ್ವ ಆತನ ಕಡೆ ಪೂರ್ತಿ ತಿರುಗಿದಳು. “ಅಂದ್ರ, ಹೋದ ವರ್ಷದ ಚೀಟಿ, ಅದರ ಹಿಂದಿನ ವರ್ಷದ್ದು...”

“ಅವೂ ಗುಲಾಲನ ಇದ್ದೂವು. ಆದ್ರ ನಿಮ್ಮ ಕಣ್ಣ ಹೆಂಗೋ ನನ್ನ ಕಣ್ಣ ಹಂಗ. ಇಬ್ಬರಿಗೂ ಬರೋಬ್ಬರಿ ಕೆಂಪ ಕಾಣತಿತ್ತು! ಒಪ್ಪಿಗಿ ಕೊಟ್ಟಾಂವ ನಾನ ಅಲ್ಲೇನ್ರಿ?”

ಚಿಗವ್ವ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು. ಬ್ಯಾಡಗಿಯ ನಟ್ಟನಡುವೆ ಕುಳಿತು ಇಬ್ಬರು ಮಂಜುಗಣ್ಣಿನವರು ವರ್ಷಗಟ್ಟಲೆ ಕೆಂಪನ್ನು ಪಾಸು ಮಾಡಿದ್ದು ನೆನೆದು ನಾನೂ ನಕ್ಕೆ. ನಗು ಇಳಿದ ಮೇಲೆ ಆಕೆ ಕನ್ನಡಕವನ್ನು ಎತ್ತಿ ತಿರುಗಿಸಿ ನೋಡಿದಳು.

“ನೋವಾತೇನ್ರಿ?”

“ಖಾರದ ಕೈಲೆ ಕಣ್ಣ ಉಜ್ಜಿಕೊಂಡ ಬೆಳದ ಮಂದಿ ನಾವು. ಅದರ ಮುಂದ ಇದೇನೂ ಅಲ್ರಿ.”

ಹಾವೇರಿಯ ದವಾಖಾನೆಯಲ್ಲಿ ಡಾಕ್ಟರು ಒಬ್ಬ ತರುಣಿ. ಚಿಗವ್ವನ ಗದ್ದವನ್ನು ಯಂತ್ರದ ಮೇಲೆ ಇರಿಸಿ, ಬೆಳಕು ಬಿಟ್ಟು ನೋಡುತ್ತ ಕೇಳಿದರು:

“ಯಾವಾಗಿಂದ ಮಂಜ ಕಾಣಸಾಕತ್ತೈತ್ರಿ ಅಮ್ಮಾರ?”

“ಅಪ್‌ಡೇಟ್ ಬಂದಾಗಿಂದ್ರಿ.”

“ಯಾವ ಅಪ್‌ಡೇಟ್ರಿ?”

“ಅದ ತಿಳೀವಲ್ದು ನೋಡ್ರಿ. ಭಾಳ ಬಂದಾವು.”

ಎರಡೂ ಕಣ್ಣಿನಲ್ಲಿ ಪೊರೆ ಬಲಿತಿದೆ, ಆದರೆ ತಡವಾಗಿಲ್ಲ ಎಂದರು. ‘ತಡವಾಗಿಲ್ಲ’ ಎಂಬ ಮಾತನ್ನು ಚಿಗವ್ವ ಇನ್ನೊಮ್ಮೆ ಹೇಳಿಸಿಕೊಂಡಳು. ಮೊದಲು ಬಲಗಣ್ಣು, ಅದು ವಾಸಿಯಾದ ಮೇಲೆ ಎಡಗಣ್ಣು ಎಂದು ಗೊತ್ತುಮಾಡಿದರು.

ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಆಕೆ ಗೋಡೆಯನ್ನು ನೋಡಿದಳು. ಡಾಕ್ಟರ ಬಿಳಿ ಅಂಗಿ ನೋಡಿದಳು. ಬಹಳ ಹೊತ್ತು ನೋಡಿ, “ಇಷ್ಟ ಬೆಳ್ಳಗ ಇರತಿತ್ತೇನ?” ಎಂದಳು. ಡಾಕ್ಟರು ನಕ್ಕರು. ನನಗೆ ಯಾಕೋ ಅಜ್ಜಿಯ ಕಂಬ ನೆನಪಾಯಿತು. ಹೊರಗೆ ಬಂದು ಒಂದು ಲೋಟ ನೀರು ಕುಡಿದೆ.

ಹನಿ ಹಾಕುವ ದಿನಗಳು ಮುಗಿಯುವ ತನಕ ಆಕೆಯನ್ನು ಅಂಗಡಿಗೆ ಬರಗೊಡಲಿಲ್ಲ. ಬಂದ ದಿನ ನೆಟ್ಟಗೆ ತನ್ನ ಕುರ್ಚಿಗೇ ಹೋದಳು. ಪರದೆ ಹೊತ್ತಿಕೊಂಡಿತು. ನಿಂಬೆಹಣ್ಣಿನಷ್ಟು ದೊಡ್ಡ ಹಸಿರು ಬಾಣ, ಕಪ್ಪು ಹಿನ್ನೆಲೆ, ಲಡ್ಡುವಿನಂಥ ಅಕ್ಷರಗಳು. ಚಿಗವ್ವ ಬೆಚ್ಚಿ ಹಿಂದೆ ಸರಿದಳು.

“ಯವ್ವಾ! ಇದೇನೋ ಇದು, ಕಣ್ಣ ಕಾಣದಾರ ಕಂಪ್ಯೂಟರ್ ಇದ್ದಂಗ ಐತಿ!”

“ನಿಂದ ಚಿಗವ್ವಾ.”

“ತಗಿ ತಗಿ, ಎಲ್ಲಾ ತಗಿ.”

ಹಾಕಿದ್ದನ್ನೆಲ್ಲ ಕೊನೆಯದರಿಂದ ಮೊದಲಿನದರ ತನಕ ತೆಗೆಯುತ್ತ ಬಂದೆವು. ಮೊದಲು ಭೂತಗನ್ನಡಿ ಹೋಯಿತು. ಬಾಣ ಸಣ್ಣದಾಯಿತು. ಕಪ್ಪು ಹೋಗಿ ಬಿಳಿ ಬಂತು. ಅಕ್ಷರ ಒಂದೊಂದೇ ಹಲ್ಲು ಇಳಿದವು. ಪ್ರತಿ ಹಂತದಲ್ಲೂ ಆಕೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ತಾಳೆ ನೋಡುತ್ತಿದ್ದಳು. ಎಡಗಣ್ಣಿನಲ್ಲಿ ಪರದೆ ಬೆಲ್ಲದ ನೀರಿನ ಹಾಗೆ, ಬಲಗಣ್ಣಿನಲ್ಲಿ ಸುಣ್ಣದ ತಿಳಿಯ ಹಾಗೆ ಎಂದಳು. “ಈ ಕಣ್ಣಾಗ ಹಳೇ ಮಶೀನು, ಈ ಕಣ್ಣಾಗ ಹೊಸಾದು. ಎರಡೂ ನನ್ನ ಹಂತೇಕನ ಅದಾವು!”

ಆಮೇಲೆ ಒಂದು ಕಿಟಕಿಯನ್ನು ಹಿಡಿದು ಅತ್ತಿತ್ತ ಜಗ್ಗುತ್ತ ಕುಳಿತಳು. ಕೆಲಸವಿರಲಿಲ್ಲ, ಸುಮ್ಮನೆ.

“ಇದಕ್ಕ ನೆಳ್ಳ ಬೀಳತೈತಿ ನೋಡು, ಕೆಳಗ. ಇದ ಯಾವಾಗ ಬಂತು?”

“ಬಂದು ಭಾಳ ದಿನಾ ಆತು.”

“ಈ ಮೂಲಿ ದುಂಡಗ ಮಾಡ್ಯಾರಲಾ, ಎಷ್ಟ ನಯಾ ಐತಿ. ಕತ್ತರ್ಸಿದ ಗುರ್ತನ ಇಲ್ಲ. ಗುಂಡಿ ಮ್ಯಾಲೆ ಬಾಣ ಇಟ್ರ ಮೆಲ್ಲಕ ಬೆಳಕ ಆಗತೈತಿ. ಇದು?”

“ಅದೂ ಆಗ ಬಂದೈತಿ.”

ವರ್ಷಗಟ್ಟಲೆ ಯಾರೋ, ಎಲ್ಲೋ ಕುಳಿತು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿದ್ದಿದ್ದನ್ನೆಲ್ಲ ಆಕೆ ಒಂದೇ ಬೆಳಗಿನಲ್ಲಿ ನೋಡಿದಳು. ಬೈದ ಬಾಯಿಯಿಂದಲೇ ಹೊಗಳಿದಳು. “ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ. ನಂದೂ ಹಂಗ ಆತು” ಎಂದಳು. ಆಮೇಲೆ ನಡುವೆ ಕುಳಿತ ಆ ಗುಂಡಿಯ ಕಡೆ ಬೆರಳು ಮಾಡಿ, “ಆದ್ರ ಇದನ್ನ ಮೂಲ್ಯಾಗಿಂದ ಕಿತ್ತಿದ್ದು ಮಾತ್ರ ತಪ್ಪ. ನೆಲಾನೂ ಸ್ವಲ್ಪ ಡೊಂಕ ಇತ್ತಪಾ” ಎಂದಳು.

ಚಾಚಾನ ಚೀಟಿಯನ್ನು ಹೊಸದಾಗಿ ಮಾಡಿದಳು. ಪರದೆಯ ಪಕ್ಕ ಒಂದು ಡಬ್ಬಿ ಕಾಯಿ ಇಟ್ಟುಕೊಂಡು, ಬಲಗಣ್ಣಿನಿಂದ. ರಾಣೆಬೆನ್ನೂರಿನಿಂದ ಮಾದರಿ ಬಂದಾಗ ಚಾಚಾ ಅದೇ ಬಟ್ಟೆ ಹಾಸಿದ. ಕಾಯಿ ಸುರುವಿ, ಚೀಟಿ ಇಟ್ಟು, ಕಪ್ಪು ಕನ್ನಡಕ ತೆಗೆದು ನೋಡಿದ. ಚೀಟಿಯನ್ನು ಕಾಯಿಗಳ ನಡುವೆ ಮಗುಚಿ ಕಲಸಿಟ್ಟು, “ಹುಡಕ್ರಿ ನೋಡೂಣು” ಎಂದ. ಅಷ್ಟೇ ಆತನ ಒಪ್ಪಿಗೆ.

ಎಡಗಣ್ಣಿನ ಸರದಿ ಬಂತು. ಮರುದಿನ ಬೆಳಿಗ್ಗೆ ಹಾವೇರಿಯ ಬಸ್ಸು ಹಿಡಿಯಬೇಕು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಚಿಗವ್ವ ಆ ಹಳೆಯ ಗುಲಾಲು ಚೀಟಿಯನ್ನು ಪರದೆಯ ತುಂಬ ತೆಗೆಯಲು ಹೇಳಿದಳು. ತೆಗೆದೆ. ಆಕೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎಡಗಣ್ಣಿನಿಂದ ನೋಡುತ್ತ ಕುಳಿತಳು.

“ಏನ್ ಕಾಣತೈತಿ ಚಿಗವ್ವಾ?”

“ಡಬ್ಬಿ ಕೆಂಪ” ಎಂದಳು. “ಅಪ್ಪಟ. ಸಂಜಿ ಬಿಸಲಾಗ ಇಟ್ಟಂಗ. ನಾಳಿಂದ ಇದು ನನಗೂ ಗುಲಾಲ ಆಗತೈತಿ. ಹಿಂದಕ್ಕ ತರೂ ಗುಂಡಿ ಇಲ್ಲಲಾ ಇದಕ್ಕ.”

ಹೊರಗೆ ಖಾಲಿ ಚಕ್ಕಡಿಯೊಂದು ಪೇಟೆಯಿಂದ ಮರಳಿ ಹೋಯಿತು. ಚಿಗವ್ವ ಕೈ ಇಳಿಸಿದಳು.

“ಇದೂ ಚಂದ ಇತ್ತು. ಸಾಕು, ಬಂದ್ ಮಾಡು.”

ನಾನು ಆರಿಸಲು ಹೋದೆ. ಪರದೆ ಕೇಳಿತು: ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕಲೋ, ನಂತರ ನೆನಪಿಸಲೋ? ರೂಢಿಯಂತೆ ನನ್ನ ಬಾಣ ‘ನಂತರ’ದ ಕಡೆ ಹೊರಟಿತ್ತು. ಚಿಗವ್ವ ನನ್ನ ಕೈಮೇಲೆ ಕೈಯಿಟ್ಟು ಅದನ್ನು ಈಚೆಗೆ ಎಳೆದಳು.

“ಹಾಕು” ಎಂದಳು. “ನಾಳೆ ಹೆಂಗೂ ಅಂಗಡಿ ಬಂದ್ ಇರತೈತಿ. ಬಂದ ಮ್ಯಾಲೆ ಎರಡೂ ಕಣ್ಲೆ ನೋಡೂಣು, ಈ ಸಲ ಏನೇನ ಮಾಡ್ಯಾರಂತ.”